ಮನೆಯೊಳಗಿನ ಗಿಡಕ್ಕೆ ಯಾವ ಬಣ್ಣದ ದೀಪ?

ಬೆಂಗಳೂರಿನ ದಂಡು ಪ್ರದೇಶದಲ್ಲಿ ಮತ್ತು ಅದರ ಪೂರ್ವಕ್ಕಿರುವ ಬಡಾವಣೆಗಳಲ್ಲಿ ಮನೆಗಳು ಒತ್ತೊತ್ತಾಗಿ ಎದ್ದು ನಿಂತಿವೆ. ಶಿವಾಜಿನಗರದ ಗಲ್ಲಿಗಳಲ್ಲಿ, ಹಲಸೂರಿನ ಹಳೆಯ ಬೀದಿಗಳಲ್ಲಿ ನೆಲಮಹಡಿಯ ಮನೆಗೆ ನೇರ ಬಿಸಿಲು ಬೀಳುವುದೇ ಅಪರೂಪ. ಇಂದಿರಾನಗರದಲ್ಲಿ ಹಿಂದೆ ಅಂಗಳ, ಕೈತೋಟ ಇದ್ದ ಎಷ್ಟೋ ನಿವೇಶನಗಳಲ್ಲಿ ಈಗ ಮಹಡಿಯ ಮೇಲೆ ಮಹಡಿ ಬಂದಿದೆ. ಕೆ.ಆರ್. ಪುರದ ಸುತ್ತಮುತ್ತ ರಾಗಿ, ತರಕಾರಿ ಬೆಳೆಯುತ್ತಿದ್ದ ಭೂಮಿಯಲ್ಲಿ ವಸತಿ ಸಮುಚ್ಚಯಗಳಿವೆ. ಹಲಸಿನ ತೋಪಿನಿಂದ ಹಲಸೂರಿಗೆ ಆ ಹೆಸರು ಬಂದಿತೆಂದು ಹೇಳುವುದುಂಟು. ಅದೇ ಊರಿನಲ್ಲಿ ಇಂದು ಒಂದು ತುಳಸಿ ಗಿಡಕ್ಕೆ ಬಿಸಿಲು ಹುಡುಕಬೇಕಾದ ಪರಿಸ್ಥಿತಿ ಒದಗಿದೆ.

ಆದ್ದರಿಂದ ಮನೆಯೊಳಗೆ ದೀಪದ ಬೆಳಕಿನಲ್ಲಿ ಗಿಡ ಬೆಳೆಸುವವರ ಸಂಖ್ಯೆ ಹೆಚ್ಚುತ್ತಿದೆ. ಕೆಲವರು ಅಲಂಕಾರಕ್ಕೆ ಎಲೆಗಿಡಗಳನ್ನು ಇಡುತ್ತಾರೆ. ಕೆಲವರು ತಾರಸಿ ತೋಟಕ್ಕೆ ಬೇಕಾದ ಮೆಣಸಿನಕಾಯಿ, ಟೊಮ್ಯಾಟೊ, ಬದನೆ ಸಸಿಗಳನ್ನು ಒಳಗೇ ಎಬ್ಬಿಸುತ್ತಾರೆ. ಇನ್ನು ಕೆಲವರು ಮೆಂತ್ಯ, ಸಾಸಿವೆಗಳ ಎಳೆಮೊಳಕೆ ಸೊಪ್ಪನ್ನು ತಟ್ಟೆಗಳಲ್ಲಿ ಬೆಳೆದು ಮಾರುತ್ತಾರೆ. ದೀಪ ಕೊಳ್ಳಲು ಅಂಗಡಿಗೆ ಹೋದರೆ ಡಬ್ಬಿಯ ಮೇಲೆ 3000ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. ಪಕ್ಕದಲ್ಲೇ ನೇರಳೆ ಬಣ್ಣದ ದೀಪವೂ ತೂಗಾಡುತ್ತಿರುತ್ತದೆ. ಯಾವುದನ್ನು ಆರಿಸಬೇಕು?

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದೇ ಬಗೆಯ ದೀಪ ಕೊಳ್ಳುವುದಾದರೆ 4000ಕೆ ಬಿಳಿ ದೀಪ ಸಾಕು. ಆದರೆ ದೀಪದ ಬಣ್ಣ ಮೂರನೆಯ ಮಾತು. ಗಿಡದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬುದು ಮೊದಲನೆಯದು, ಎಷ್ಟು ಹೊತ್ತು ಬೀಳುತ್ತದೆ ಎಂಬುದು ಎರಡನೆಯದು. ಇವೆರಡನ್ನೂ ಬಿಟ್ಟು ಬಣ್ಣವೊಂದನ್ನೇ ನೋಡಿ ಹಣ ಹಾಕಿದರೆ ಸಸಿಯೂ ಹೋಗುತ್ತದೆ, ಹಣವೂ ಹೋಗುತ್ತದೆ. ಕಾರಣಗಳನ್ನು ಒಂದೊಂದಾಗಿ ನೋಡೋಣ.

'ಕೆ' ಎಂದರೆ ಏನು?

ಕಮ್ಮಾರನ ಕುಲುಮೆಯನ್ನು ನೆನಪಿಗೆ ತಂದುಕೊಳ್ಳಿ. ಕಬ್ಬಿಣ ಕಾಯುತ್ತಾ ಹೋದಂತೆ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿಗೆ ತಿರುಗುತ್ತದೆ, ಇನ್ನೂ ಕಾದರೆ ಬೆಳ್ಳಗಾಗುತ್ತದೆ. ಅಂದರೆ ಕಾವು ಏರಿದಂತೆ ಬೆಳಕಿನ ಬಣ್ಣ ಕೆಂಪಿನಿಂದ ನೀಲಿಯ ಕಡೆಗೆ ಸರಿಯುತ್ತದೆ. ಈ ಕಾವನ್ನು ಅಳೆಯುವ ಮಾನವೇ ಕೆಲ್ವಿನ್. ಅದನ್ನೇ 'ಕೆ' ಎಂದು ಚಿಕ್ಕದಾಗಿ ಬರೆಯುತ್ತಾರೆ. ಹಳೆಯ ಕಾಲದ ತಂತಿಬಲ್ಬಿನ ಹಳದಿ ಬೆಳಕು ಸುಮಾರು 2700ಕೆ. ನಡುಹಗಲಿನ ಬಿಸಿಲು ಸುಮಾರು 5500ಕೆ. ಮೋಡ ಕವಿದ ಆಕಾಶದ ಬೆಳಕು 6500ಕೆ ಅಥವಾ ಅದಕ್ಕಿಂತ ಹೆಚ್ಚು. ದೀಪ ಅಷ್ಟು ಬಿಸಿಯಾಗಿರುತ್ತದೆ ಎಂದು ಇದರ ಅರ್ಥವಲ್ಲ. ಅದರ ಬೆಳಕು ನಮ್ಮ ಕಣ್ಣಿಗೆ ಆ ಬಣ್ಣದ್ದಾಗಿ ತೋರುತ್ತದೆ, ಅಷ್ಟೇ.

ಇಂದಿನ ಬಿಳಿ ಎಲ್‌ಇಡಿ ದೀಪದೊಳಗೆ ನಿಜವಾಗಿ ಇರುವುದು ನೀಲಿ ಬೆಳಕು ಕೊಡುವ ಸಣ್ಣ ಹರಳು. ಈ ನೀಲಿ ಹರಳನ್ನು ರೂಪಿಸಿದ ಅಕಸಾಕಿ, ಅಮಾನೊ ಮತ್ತು ನಾಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಹರಳಿನ ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ. ನೀಲಿ ಬೆಳಕಿನ ಒಂದು ಭಾಗ ಲೇಪದಲ್ಲಿ ಹೀರಿಹೋಗಿ ಹಸಿರು, ಹಳದಿ, ಕೆಂಪು ಬೆಳಕಾಗಿ ಹೊರಬರುತ್ತದೆ. ಎಲ್ಲವೂ ಬೆರೆತು ಬಿಳಿಯಾಗಿ ಕಾಣುತ್ತದೆ. ಲೇಪ ದಪ್ಪವಾದರೆ ನೀಲಿ ಕಡಿಮೆಯಾಗಿ ಹಳದಿ ದೀಪ, ತೆಳುವಾದರೆ ನೀಲಿ ಹೆಚ್ಚಾಗಿ ಅಚ್ಚಬಿಳಿ ದೀಪ. ಸ್ಥೂಲವಾಗಿ ಹೇಳುವುದಾದರೆ 2700–3000ಕೆ ದೀಪದ ಬೆಳಕಿನಲ್ಲಿ ನೀಲಿಯ ಪಾಲು ಹತ್ತರಲ್ಲೊಂದು, 4000ಕೆ ದೀಪದಲ್ಲಿ ಐದರಲ್ಲೊಂದು, 6500ಕೆ ದೀಪದಲ್ಲಿ ನಾಲ್ಕರಲ್ಲೊಂದಕ್ಕಿಂತ ಸ್ವಲ್ಪ ಹೆಚ್ಚು.

ಗಿಡಕ್ಕೆ ಬೆಳಕು ಊಟವೂ ಹೌದು, ಗಡಿಯಾರವೂ ಹೌದು

ಗಿಡವು ಬೆಳಕನ್ನು ಎರಡು ರೀತಿಯಲ್ಲಿ ಬಳಸುತ್ತದೆ. ಎಲೆಯ ಪತ್ರಹರಿತ್ತು ಬೆಳಕನ್ನು ಹಿಡಿದು ಗಾಳಿ ಮತ್ತು ನೀರಿನಿಂದ ಸಕ್ಕರೆ ತಯಾರಿಸುತ್ತದೆ. ಇದು ಊಟ. ಇನ್ನು ಕೆಲವು ವರ್ಣದ್ರವ್ಯಗಳು ಬೆಳಕಿನ ಬಣ್ಣವನ್ನೂ ಹೊತ್ತನ್ನೂ ಗುರುತಿಸಿ, ಎತ್ತರ ಬೆಳೆಯಬೇಕೆ, ಗಿಡ್ಡವಾಗಿರಬೇಕೆ, ಯಾವಾಗ ಹೂ ಬಿಡಬೇಕು ಎಂಬುದನ್ನು ಗಿಡಕ್ಕೆ ತಿಳಿಸುತ್ತವೆ. ಇದು ಗಡಿಯಾರ.

ಊಟದ ವಿಷಯದಲ್ಲಿ ಗಿಡಕ್ಕೆ ಬಣ್ಣದ ಹಟ ಅಷ್ಟಾಗಿ ಇಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಂಪು ಬೆಳಕು ಎಲ್ಲಕ್ಕಿಂತ ಹೆಚ್ಚು ಉಪಯುಕ್ತವೆಂದು ಕಂಡುಬಂದಿತು. ನೀಲಿಯೂ ಹಸಿರೂ ಸಹ ಎಲೆಗೆ ಆಹಾರವೇ ಎಂಬುದು ಅದರೊಂದಿಗೇ ಸ್ಪಷ್ಟವಾಯಿತು. ಹಸಿರು ಬೆಳಕನ್ನು ಗಿಡ ಬಳಸುವುದೇ ಇಲ್ಲ ಎಂಬ ಮಾತು ಸರಿಯಲ್ಲ. ಆದ್ದರಿಂದ ಸಾಧಾರಣ ಬಿಳಿ ದೀಪದ ಬೆಳಕೆಲ್ಲವೂ ಗಿಡಕ್ಕೆ ದಕ್ಕುತ್ತದೆ.

ಗಿಡದ ಆಕಾರದ ವಿಷಯದಲ್ಲಿ ಮಾತ್ರ ಬಣ್ಣಕ್ಕೆ ಮಹತ್ವವಿದೆ. ನೀಲಿ ಬೆಳಕು ಸಾಕಷ್ಟಿದ್ದರೆ ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಡಿಮೆಯಾಗಿ ಗಿಡ ಗಿಡ್ಡವಾಗಿ, ದಟ್ಟವಾಗಿ ಬೆಳೆಯುತ್ತದೆ. ನೀಲಿ ಕಡಿಮೆಯಾದರೆ ಕಾಂಡ ಉದ್ದವಾಗುತ್ತದೆ. ಇಷ್ಟನ್ನು ತಿಳಿದರೆ 'ಕೆ' ಸಂಖ್ಯೆಯನ್ನು ಓದುವುದು ಸುಲಭ.

ಮೊದಲು ಪ್ರಮಾಣ ನೋಡಿ

ನಮ್ಮ ಕಣ್ಣು ಬೆಳಕನ್ನು ಅಳೆಯುವುದರಲ್ಲಿ ಬಹಳ ಮೋಸ ಹೋಗುತ್ತದೆ. ನಡುಹಗಲಿನ ಬಯಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕಿರುತ್ತದೆ. ಮರದ ನೆರಳಿನಲ್ಲಿ 10,000 ಲಕ್ಸ್ ಇರಬಹುದು. ಟ್ಯೂಬ್‌ಲೈಟು ಹಾಕಿದ ಕೋಣೆಯಲ್ಲಿ ಇರುವುದು 100ರಿಂದ 300 ಲಕ್ಸ್ ಮಾತ್ರ. ಓದಲು, ಅಡುಗೆ ಮಾಡಲು ನಮಗೆ ಅಷ್ಟು ಸಾಕು. ಗಿಡಕ್ಕೆ ಅದು ಉಪವಾಸ.

ಅಳೆಯಲು ಸುಲಭವಾದ ದಾರಿ ಇದೆ. ಮಧ್ಯಾಹ್ನ ಗಿಡ ಇಡುವ ಜಾಗದಲ್ಲಿ ಒಂದು ಬಿಳಿ ಕಾಗದ ಇಟ್ಟು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಮೂಡಿದರೆ ಬೆಳಕು ಚೆನ್ನಾಗಿದೆ. ನೆರಳು ಮಸುಕಾಗಿದ್ದರೆ ಮಧ್ಯಮ. ನೆರಳೇ ಕಾಣದಿದ್ದರೆ ಅಲ್ಲಿ ದೀಪವಿಲ್ಲದೆ ಗಿಡ ಬಾಳದು. ಮೊಬೈಲ್ ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್‌ಗಳು ದೊರೆಯುತ್ತವೆ. ಅವು ಕರಾರುವಾಕ್ಕಾಗಿರದಿದ್ದರೂ ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಲು ಸಾಕು.

ಕಿಟಕಿಯ ದಿಕ್ಕನ್ನೂ ಗಮನಿಸಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದ ಸುಮಾರಿಗೆ ಸೂರ್ಯ ನಡುನೆತ್ತಿಯ ಮೇಲೆ ಹಾಯುತ್ತಾನೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಸ್ವಲ್ಪ ಬಿಸಿಲು ಸಿಗುತ್ತದೆ. ಚಳಿಗಾಲದಲ್ಲಿ ದಕ್ಷಿಣದ ಕಿಟಕಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಆದ್ದರಿಂದ ಒಂದೇ ಗಿಡವನ್ನು ಋತುವಿಗೆ ತಕ್ಕಂತೆ ಜಾಗ ಬದಲಿಸಿ ಇಡುವುದು ಲಾಭಕರ. ಎದುರು ಮನೆಯ ಗೋಡೆ ಅಥವಾ ಸಿ.ಎಂ.ಎಚ್. ರಸ್ತೆಯ ಮೇಲಿರುವಂತೆ ಮೆಟ್ರೊ ಮೇಲ್ಸೇತುವೆ ಆಕಾಶವನ್ನು ಮರೆಮಾಡಿದ್ದರೆ ಮಾತ್ರ ಪೂರ್ತಿಯಾಗಿ ದೀಪವನ್ನೇ ನಂಬಬೇಕಾಗುತ್ತದೆ.

ಗಿಡಗಳಿಗೆ ಬೇಕಾಗುವ ಬೆಳಕಿನ ಅಂದಾಜು ಹೀಗಿದೆ:

1. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ನಂತಹ ನೆರಳು ತಾಳುವ ಎಲೆಗಿಡಗಳು: 1,000–2,000 ಲಕ್ಸ್, ದಿನಕ್ಕೆ 10–12 ಗಂಟೆ.
2. ಜರೀಗಿಡ, ಪೀಸ್ ಲಿಲಿ, ಬಿಗೋನಿಯ, ಆಫ್ರಿಕನ್ ವಯೊಲೆಟ್: 4,000–8,000 ಲಕ್ಸ್, 12 ಗಂಟೆ.
3. ತಟ್ಟೆಯಲ್ಲಿ ಬೆಳೆಯುವ ಎಳೆಮೊಳಕೆ ಸೊಪ್ಪು: 5,000–8,000 ಲಕ್ಸ್, 12 ಗಂಟೆ.
4. ಕೊತ್ತಂಬರಿ, ಮೆಂತ್ಯ, ಪುದೀನ: 10,000–15,000 ಲಕ್ಸ್, 12 ಗಂಟೆ. ಹೊತ್ತು ಇದಕ್ಕಿಂತ ಹೆಚ್ಚಾದರೆ ಕೊತ್ತಂಬರಿ ಬೇಗನೆ ಹೂಗೊಂಚಲಿಗೆ ತಿರುಗಿ ಸೊಪ್ಪು ಕಡಿಮೆಯಾಗುತ್ತದೆ.
5. ತರಕಾರಿ ಸಸಿಗಳು: 10,000–15,000 ಲಕ್ಸ್, 14 ಗಂಟೆ.
6. ತುಳಸಿ, ಗುಲಾಬಿ, ದಾಸವಾಳ, ಕಾಯಿ ಬಿಡುವ ಹಂತದ ಮೆಣಸಿನಕಾಯಿ ಮತ್ತು ಟೊಮ್ಯಾಟೊ: 20,000 ಲಕ್ಸ್‌ಗೂ ಮೇಲೆ.

ಯಾವ ಗಿಡಕ್ಕೆ ಯಾವ 'ಕೆ'?

ಸಸಿಗಳಿಗೆ ಮತ್ತು ಸೊಪ್ಪಿಗೆ 4000ರಿಂದ 6500ಕೆ ದೀಪ ಸೂಕ್ತ. ನೀಲಿ ಹೆಚ್ಚಿರುವುದರಿಂದ ಸಸಿ ಗಟ್ಟಿಯಾಗಿ ನಿಲ್ಲುತ್ತದೆ, ನಾಟಿ ಮಾಡಿದಾಗ ಬಾಗುವುದಿಲ್ಲ.

ಹೂ ಬಿಡುವ ಗಿಡಗಳಿಗೆ 3000–4000ಕೆ ದೀಪ ಆಗಬಹುದು. ಕೆಂಪಿನ ಪಾಲು ಹೆಚ್ಚಿರುವ ಬೆಳಕಿನಲ್ಲಿ ಕಾಂಡ ಸ್ವಲ್ಪ ಉದ್ದವಾದರೂ ಇವುಗಳಿಗೆ ತೊಂದರೆಯಿಲ್ಲ.

ನಡುಮನೆಯ ಅಲಂಕಾರದ ಎಲೆಗಿಡಗಳಿಗೆ ಯಾವ ಬಿಳಿ ದೀಪವಾದರೂ ನಡೆಯುತ್ತದೆ. ಮನೆಮಂದಿಯ ಕಣ್ಣಿಗೆ ಹಿತವಾದುದನ್ನು ಆರಿಸಿಕೊಳ್ಳಿ.

ಅಂಗಡಿಯಲ್ಲಿ 4000ಕೆ ಸಿಗದಿದ್ದರೆ ಒಂದು 6500ಕೆ ಮತ್ತು ಒಂದು 3000ಕೆ ಟ್ಯೂಬನ್ನು ಅಕ್ಕಪಕ್ಕ ಕಟ್ಟಿದರೂ ಆಗುತ್ತದೆ. ಎರಡು ದೀಪಗಳಲ್ಲಿ ಯಾವುದನ್ನು ಆರಿಸುವುದೆಂಬ ಸಂದೇಹ ಬಂದಾಗ 'ಕೆ' ಬದಲು ಡಬ್ಬಿಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ನೋಡಿ. ಅಷ್ಟೇ ವಾಟಿಗೆ ಹೆಚ್ಚು ಲ್ಯೂಮೆನ್ ಕೊಡುವ ದೀಪವೇ ಮೇಲು.

ನೇರಳೆ ದೀಪದಲ್ಲಿ ಕೆಂಪು ಮತ್ತು ನೀಲಿ ಮಾತ್ರ ಇರುತ್ತವೆ. ಅದರಲ್ಲಿ ಗಿಡ ಬೆಳೆಯುವುದು ನಿಜ. ಆದರೆ ಆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುತ್ತದೆ. ಎಲೆ ಹಳದಿಯಾದುದು, ನುಸಿ ಬಿದ್ದುದು, ಬೂದಿರೋಗ ತಗಲಿದ್ದು ಕಣ್ಣಿಗೆ ಬೀಳುವುದಿಲ್ಲ. ಬೇಸಾಯದಲ್ಲಿ ಬೆಳೆಯನ್ನು ದಿನವೂ ಕಣ್ಣಾರೆ ನೋಡುವುದಕ್ಕಿಂತ ದೊಡ್ಡ ಔಷಧವಿಲ್ಲ. ಆ ಕಾರಣಕ್ಕಾಗಿಯೇ ಬಿಳಿ ದೀಪ ಉತ್ತಮ.

ಒಂದು ಕಪಾಟಿನ ಲೆಕ್ಕ

ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಒಂದು ಕಪಾಟಿನಲ್ಲಿ ಮೆಣಸಿನ ಸಸಿ ಎಬ್ಬಿಸಬೇಕೆಂದು ಇಟ್ಟುಕೊಳ್ಳಿ. 20 ವಾಟಿನ ಒಂದು ಎಲ್‌ಇಡಿ ಟ್ಯೂಬು ಸುಮಾರು 2,000 ಲ್ಯೂಮೆನ್ ಬೆಳಕು ಕೊಡುತ್ತದೆ. ಗಿಡಕ್ಕೆ ಹತ್ತಿರ ಕಟ್ಟಿ, ಸುತ್ತ ಬಿಳಿ ಹಲಗೆ ಅಥವಾ ಬಿಳಿ ಕಾಗದ ನಿಲ್ಲಿಸಿದರೆ ಅದರಲ್ಲಿ 60ರಷ್ಟು ಪಾಲು ಕಪಾಟಿಗೆ ಬಿದ್ದೀತು. ಆಗ ಒಂದು ಟ್ಯೂಬಿನಿಂದ ಸಿಗುವುದು ಸುಮಾರು 3,000 ಲಕ್ಸ್. ಸಸಿಗಳಿಗೆ ಬೇಕಾದ 12,000 ಲಕ್ಸ್‌ಗೆ ನಾಲ್ಕು ಟ್ಯೂಬು ಬೇಕು.

ನಾಲ್ಕು ಟ್ಯೂಬಿಗೆ 80 ವಾಟ್. ದಿನಕ್ಕೆ 14 ಗಂಟೆ ಉರಿಸಿದರೆ 1.12 ಯೂನಿಟ್, ತಿಂಗಳಿಗೆ ಸುಮಾರು 34 ಯೂನಿಟ್. ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಇದನ್ನು ಗುಣಿಸಿ ನೋಡಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಮಾತು ನೆನಪಿಡಬೇಕು. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ಟುಗಳ ಮಿತಿಯನ್ನು ಗೊತ್ತುಮಾಡಲಾಗಿದೆ. ಅದನ್ನು ಮೀರಿದ ಬಳಕೆಗೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಸಸಿಗಳಿಗೆ ದೀಪ ಬೇಕಾಗುವುದು ನಾಲ್ಕರಿಂದ ಆರು ವಾರ ಮಾತ್ರ ಎಂಬುದು ಸಮಾಧಾನದ ಸಂಗತಿ.

ದೀಪವನ್ನು ಗಿಡದ ತುದಿಯಿಂದ 20–30 ಸೆಂ.ಮೀ. ಎತ್ತರದಲ್ಲಿ ಕಟ್ಟಿ. ಒಂಟಿ ಬಲ್ಬಿನ ದೂರವನ್ನು ಎರಡು ಪಟ್ಟು ಮಾಡಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಉದ್ದನೆಯ ಟ್ಯೂಬಾದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸೂರಿಗೆ ಹಾಕಿದ ದೀಪ ನೆಲದ ಮೇಲಿನ ಗಿಡಕ್ಕೆ ಪ್ರಯೋಜನಕ್ಕೆ ಬಾರದಿರುವುದು ಇದೇ ಕಾರಣದಿಂದ. ಗಿಡ ಬೆಳೆದಂತೆ ದೀಪವನ್ನು ಮೇಲಕ್ಕೆ ಸರಿಸಲು ಹಗ್ಗ ಅಥವಾ ಸರಪಳಿಯಿಂದ ತೂಗುಹಾಕುವುದು ಒಳ್ಳೆಯದು.

ಕತ್ತಲೆಯೂ ಬೇಕು

ದೀಪವಿದೆಯೆಂದು ಹಗಲೂ ರಾತ್ರಿ ಉರಿಸಬಾರದು. ಇದನ್ನು ಅರಿಯಲು ಹಲಸೂರಿನಿಂದ ಹಳೆ ಮದರಾಸು ರಸ್ತೆ ಹಿಡಿದು ಕೆ.ಆರ್. ಪುರ ದಾಟಿ ಹೊಸಕೋಟೆ, ಕೋಲಾರದ ಕಡೆ ಹೋಗಬೇಕು. ಆ ಭಾಗದಲ್ಲೂ ಚಿಕ್ಕಬಳ್ಳಾಪುರದ ಕಡೆಯಲ್ಲೂ ಸೇವಂತಿಗೆ ಬೆಳೆಗಾರರು ತಾಕಿನ ಮೇಲೆ ಸಾಲಾಗಿ ಬಲ್ಬು ಕಟ್ಟಿ ರಾತ್ರಿ ಉರಿಸುತ್ತಾರೆ. ದೂರದಿಂದ ನೋಡಿದವರಿಗೆ ಜಾತ್ರೆಯಂತೆ ಕಾಣುತ್ತದೆ.

ಇದು ಗಿಡಕ್ಕೆ ಊಟ ಕೊಡಲು ಹಾಕಿದ ದೀಪವಲ್ಲ. ಸೇವಂತಿಗೆಯು ರಾತ್ರಿ ಉದ್ದವಾದಾಗ ಮೊಗ್ಗಿಗೆ ಬರುವ ಗಿಡ. ಬೆಂಗಳೂರಿನ ಸೀಮೆಯಲ್ಲಿ ಹಗಲು ಡಿಸೆಂಬರಿನಲ್ಲಿ ಸುಮಾರು ಹನ್ನೊಂದೂಕಾಲು ಗಂಟೆ. ಜೂನ್‌ನಲ್ಲೂ 13 ಗಂಟೆ ತುಂಬುವುದಿಲ್ಲ. ಹಾಗೆಯೇ ಬಿಟ್ಟರೆ, ವಿಶೇಷವಾಗಿ ಹಗಲು ಚಿಕ್ಕದಾದ ತಿಂಗಳುಗಳಲ್ಲಿ, ಗಿಡ ಮೈದುಂಬುವ ಮೊದಲೇ ಮೊಗ್ಗು ಬಿಡುತ್ತದೆ. ನಡುರಾತ್ರಿಯಲ್ಲಿ ಕೆಲವು ಗಂಟೆ ದೀಪ ಉರಿಸಿದರೆ ಉದ್ದನೆಯ ರಾತ್ರಿ ಎರಡು ತುಂಡಾಗುತ್ತದೆ. ಗಿಡ ಹೂವಿನ ಯೋಚನೆ ಬಿಟ್ಟು ಬೆಳೆಯುತ್ತದೆ. ಬೇಕಾದಷ್ಟು ಎತ್ತರ ಬಂದ ಮೇಲೆ ದೀಪ ನಿಲ್ಲಿಸಿದರೆ ಮೊಗ್ಗು ಒಟ್ಟಿಗೆ ಮೂಡುತ್ತದೆ. ಇದಕ್ಕೆ ಸುಮಾರು 100 ಲಕ್ಸ್ ಬೆಳಕು ಸಾಕು. ಊಟಕ್ಕೆ ಸಾಲದ ಬೆಳಕು ಗಡಿಯಾರ ತಿರುಗಿಸಲು ಸಾಕಾಗುತ್ತದೆ!

ಹಗಲಿನ ಉದ್ದವೇ ಹೂವಿನ ಕಾಲವನ್ನು ಗೊತ್ತುಮಾಡುತ್ತದೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪು ಮತ್ತು ಸೋಯಾ ಅವರೆಯಲ್ಲಿ ಪ್ರಯೋಗ ಮಾಡಿ 1920ರಲ್ಲಿ ತಿಳಿಸಿದರು. 1952ರಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು ಲೆಟ್ಯೂಸ್ ಬೀಜಗಳ ಮೇಲೆ ಕೆಂಪು ಬೆಳಕು ಬಿಟ್ಟರೆ ಮೊಳೆಯುವುದನ್ನೂ, ಅದರ ಬೆನ್ನಿಗೇ ಕೆಂಪಿನಾಚೆಯ ಬೆಳಕು ಬಿಟ್ಟರೆ ಮೊಳೆಯದೆ ನಿಲ್ಲುವುದನ್ನೂ ತೋರಿಸಿದರು. ಈ ಕೆಲಸ ಮಾಡುವ ವರ್ಣದ್ರವ್ಯಕ್ಕೆ ಫೈಟೋಕ್ರೋಮ್ ಎಂದು ಹೆಸರು. ಇದು ಕೆಂಪಿಗೆ ಹೆಚ್ಚು ಸ್ಪಂದಿಸುವುದರಿಂದ ಸೇವಂತಿಗೆ ತಾಕಿಗೆ 2700–3000ಕೆ ಹಳದಿ ದೀಪ ಒಪ್ಪುತ್ತದೆ. ನೋಡಿ, ಸಸಿಗೆ ಹೇಳಿದ ಬಣ್ಣ ಬೇರೆ, ಇಲ್ಲಿನ ಬಣ್ಣ ಬೇರೆ. ದೀಪದಿಂದ ಯಾವ ಕೆಲಸ ಆಗಬೇಕೆಂದು ಮೊದಲು ನಿಶ್ಚಯಿಸಿ, ಆಮೇಲೆ ಬಣ್ಣ ಆರಿಸಬೇಕು.

ಮನೆಯಲ್ಲಿ ಕುಂಡದ ಸೇವಂತಿಗೆ, ಕಲಾಂಚೊ, ಪಾಯಿನ್‌ಸೆಟಿಯ ಇಟ್ಟವರಿಗೂ ಇದೇ ಪಾಠ. ಗಿಡ ಸೊಂಪಾಗಿದ್ದೂ ಹೂ ಬಿಡದಿದ್ದರೆ ರಾತ್ರಿ ಎದ್ದು ನೋಡಿ. ಬೀದಿ ದೀಪವೋ ವರಾಂಡದ ದೀಪವೋ ಅದರ ಮೇಲೆ ಬೀಳುತ್ತಿರಬಹುದು. ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ ಗಿಡವನ್ನು ಕತ್ತಲೆ ಕೋಣೆಯಲ್ಲಿಟ್ಟು, ಹಗಲು ಒಳ್ಳೆಯ ಬೆಳಕಿಗೆ ತನ್ನಿ. ಆರರಿಂದ ಎಂಟು ವಾರ ತಪ್ಪದೆ ಹೀಗೆ ಮಾಡಿದರೆ ಮೊಗ್ಗು ಕಾಣಿಸಿಕೊಳ್ಳುತ್ತದೆ. ಉಳಿದ ಗಿಡಗಳಿಗೂ ದಿನಕ್ಕೆ ಕನಿಷ್ಠ 8 ಗಂಟೆ ಕತ್ತಲೆ ಇರಲಿ. ಕೈಯಿಂದ ಹಚ್ಚಿ ಆರಿಸುವುದು ಮರೆತುಹೋಗುವ ಸಂಭವವಿರುವುದರಿಂದ ಟೈಮರ್ ಸ್ವಿಚ್ಚು ಹಾಕುವುದು ಮೇಲು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಸಸಿ ಉದ್ದವಾಗಿ, ಬಿಳಿಚಿಕೊಂಡು ಬಾಗಿದಾಗ ಗೊಬ್ಬರ ಹಾಕುವುದು. ಇದು ಬೆಳಕಿನ ಹಸಿವು, ಗೊಬ್ಬರದಿಂದ ನೀಗದು. ಮೊದಲು ದೀಪ ಹತ್ತಿರ ಮಾಡಿ.
2. ಹೊರಗಿನ ಗಿಡಕ್ಕೆ ಹಾಕಿದಷ್ಟೇ ನೀರನ್ನು ಒಳಗಿನ ಗಿಡಕ್ಕೂ ಹಾಕುವುದು. ಬೆಳಕು ಕಡಿಮೆಯಿದ್ದಲ್ಲಿ ಗಿಡ ಕುಡಿಯುವ ನೀರೂ ಕಡಿಮೆ. ಮೇಲ್ಮಣ್ಣು ಒಂದು ಬೆರಳಿನ ಆಳದವರೆಗೆ ಒಣಗಿದ ಮೇಲೆ ನೀರುಣಿಸಿ. ಇಲ್ಲವಾದರೆ ಬೇರು ಕೊಳೆಯುತ್ತದೆ.
3. ಒಳಗೆ ಬೆಳೆದ ಸಸಿಯನ್ನು ಒಂದೇ ಸಲ ಬಿಸಿಲಿಗೆ ಇಡುವುದು. ಎಲೆ ಸುಟ್ಟುಹೋಗುತ್ತದೆ. ಏಳರಿಂದ ಹತ್ತು ದಿನ ದಿನಕ್ಕಿಷ್ಟು ಹೊತ್ತು ಹೆಚ್ಚಿಸುತ್ತಾ ಹೊರಗಿನ ಬೆಳಕಿಗೆ ಒಗ್ಗಿಸಿ.
4. ಎಲೆಯ ಮೇಲಿನ, ದೀಪದ ಮೇಲಿನ ಧೂಳು ಒರೆಸದಿರುವುದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯನ್ನೂ, ಸ್ವಿಚ್ಚು ಆರಿಸಿ ಒಣಬಟ್ಟೆಯಿಂದ ದೀಪವನ್ನೂ ಒರೆಸಿ.
5. ನೀರು ಚಿಮುಕುವ ಕಡೆ ವಿದ್ಯುತ್ ತಂತಿಯನ್ನು ತೆರೆದಿಡುವುದು. ಪ್ಲಗ್ಗು ಕುಂಡಗಳಿಗಿಂತ ಮೇಲಿರಲಿ. ದೀಪದ ಕಟ್ಟು ಲೋಹದ್ದಾದರೆ ಭೂಸಂಪರ್ಕವಿರುವ ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಿ. ನೀರು ಹಾಕುವ ಮುನ್ನ ದೀಪ ಆರಿಸಿ.

ಕೊನೆಯ ಮಾತು

ಇನ್ನು ಆ ತುಳಸಿಯ ವಿಷಯ. ತುಳಸಿ ಬಿಸಿಲಿನ ಗಿಡ. ಮೇಲಿನ ಲೆಕ್ಕದಂತೆ ಅದಕ್ಕೆ ಬೇಕಾದ 20,000 ಲಕ್ಸ್ ಒದಗಿಸಲು ಅದೇ ಕಪಾಟಿಗೆ ಏಳು ಟ್ಯೂಬು ಉರಿಸಬೇಕಾಗುತ್ತದೆ. ಬಿಸಿಲು ಪುಕ್ಕಟೆ ಸಿಗುವ ತಾರಸಿ ತಲೆಯ ಮೇಲೇ ಇರುವಾಗ ಈ ಖರ್ಚು ತಕ್ಕುದಲ್ಲ. ಎರಡು ಕುಂಡಗಳಲ್ಲಿ ತುಳಸಿ ಬೆಳೆಸಿ. ಒಂದು ತಾರಸಿಯ ಮೇಲಿರಲಿ, ಒಂದು ಮನೆಯೊಳಗೆ ಕಿಟಕಿಯ ಬಳಿ ಇರಲಿ. ವಾರಕ್ಕೊಮ್ಮೆ ಅದಲುಬದಲು ಮಾಡಿ. ಬೆಳಕಿಗೆ ಒಗ್ಗಲು ಮೇಲೆ ಹೋದ ಕುಂಡವನ್ನು ಮೊದಲ ಎರಡು ದಿನ ಅರೆನೆರಳಿನಲ್ಲಿಡಿ. ನೆಲಮಹಡಿಯ ಬಾಡಿಗೆ ಮನೆಯಲ್ಲಿರುವವರು ತಾರಸಿಯ ಒಂದು ಮೂಲೆಯನ್ನು ಮನೆಯ ಮಾಲೀಕರಲ್ಲಿ ಕೇಳಿ ಪಡೆಯುವುದು ಯಾವ ದೀಪಕ್ಕಿಂತಲೂ ಅಗ್ಗ.

ಒಟ್ಟಿನಲ್ಲಿ, ಬಿಸಿಲು ಸಿಗುವಷ್ಟನ್ನು ಮೊದಲು ಬಳಸಿಕೊಳ್ಳಿ. ಸಾಲದಿದ್ದಷ್ಟಕ್ಕೆ ದೀಪ ಹಾಕಿ. ದೀಪ ಹಾಕುವಾಗ ಲಕ್ಸ್ ನೋಡಿ, ಗಂಟೆ ನೋಡಿ, ಆಮೇಲೆ 'ಕೆ' ನೋಡಿ. ಈ ಕ್ರಮ ತಪ್ಪದಿದ್ದರೆ ಹಲಸೂರಿನ ಗಲ್ಲಿಯ ಮನೆಯಲ್ಲೂ ಒಂದು ಹಿಡಿ ಹಸಿರು ನಿಶ್ಚಯವಾಗಿ ನಿಲ್ಲುತ್ತದೆ.